ಕರೆಯದೆ ಬಂದ ಶ್ರುತಿ

ಗಾಯಕಿಯು ಆಲಾಪನೆಯನ್ನು ಒಂದು ನ್ಯಾಸಸ್ವರದ ಮೇಲೆ ತಂದು ನಿಲ್ಲಿಸಿ ಉಸಿರೆಳೆದುಕೊಳ್ಳುವ ಕ್ಷಣವೊಂದುಂಟು. ಹಾಡಿದ್ದು ಕೇಳುವವನ ಒಳಗಿಳಿಯುವುದು, ಹಾಡಬೇಕಾದುದು ಹಾಡುವವಳ ಮನಸ್ಸಿನಲ್ಲಿ ರೂಪುಗೊಳ್ಳುವುದು, ಎರಡೂ ಆ ಮೌನದಲ್ಲಿಯೆ. ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ರಾತ್ರಿ, ನಮ್ಮ ತಂದೆಯವರು ಬಹುಕಾಲದಿಂದ ಕೂಡಿಸಿಟ್ಟಿದ್ದ ಎಲ್‌ಪಿ ತಟ್ಟೆಗಳಲ್ಲೊಂದನ್ನು ತಿರುಗಲು ಬಿಟ್ಟು, ದೀಪವಾರಿಸಿ, ಒರಗುಕುರ್ಚಿಯಲ್ಲಿ ಕುಳಿತಿದ್ದಾಗ, ಆ ಮೌನದ ಎಡೆಯನ್ನು ಬೇರೊಂದು ನಾದವು ಆಕ್ರಮಿಸಿಕೊಂಡಿರುವುದು ನನ್ನ ಕಿವಿಗೆ ಬಿದ್ದಿತು. ದಪ್ಪನೆಯ, ಏರಿಳಿತವಿಲ್ಲದ, ದೂರದ ಗವಿಯೊಂದರಲ್ಲಿ ತುಂಬಿಗಳ ಹಿಂಡು ಮೊರೆದಂತಹ ನಾದ. ಹಾಡು ನಡೆಯುತ್ತಿದ್ದಾಗ ಅದು ಅಡಗುತ್ತಿತ್ತು. ಹಾಡು ನಿಂತೊಡನೆಯೆ ತಲೆಯೆತ್ತುತ್ತಿತ್ತು. ಒಳಗಿನಿಂದ ಬಂದ ನನ್ನ ಹೆಂಡತಿ, ಬಾಲ್ಯದಿಂದ ಸಂಗೀತಾಭ್ಯಾಸ ಮಾಡಿದವಳಾದುದರಿಂದ, ಅದು ಯಾವ ದೋಷವೆಂದು ಕೇಳುವುದಕ್ಕೆ ಮುನ್ನವೇ ಅದರ ಸ್ಥಾನವನ್ನು ಗುರುತಿಸಿದಳು: “ಐದು ಮನೆಗೆ ಹತ್ತಿರ ಇದೆ, ಆದರೆ ಒಂದು ಕೂದಲಷ್ಟು ಏರಿದೆ.”

ಆಕೆಯ ಕಿವಿ ತಪ್ಪಿರಲಿಲ್ಲ. ಹಾರ್ಮೋನಿಯಮ್ಮಿನ ಐದನೆಯ ಬಿಳಿ ಮನೆ, ನಮ್ಮ ಗಾಯಕಿಯರು ಬಹುಮಟ್ಟಿಗೆ ಆಧಾರಷಡ್ಜವಾಗಿ ಹಿಡಿಯುವ ಆ ಸ್ವರ, ಸೆಕೆಂಡಿಗೆ 196 ಬಾರಿ ಕಂಪಿಸುತ್ತದೆ; ಒಂದು ಸ್ಥಾಯಿ ಕೆಳಗಿಳಿದರೆ 98, ಇನ್ನೂ ಒಂದು ಸ್ಥಾಯಿ ಇಳಿದರೆ 49. ನಮ್ಮ ಮನೆಗಳಿಗೆ ಹರಿದುಬರುವ ವಿದ್ಯುತ್ತಾದರೋ ಸೆಕೆಂಡಿಗೆ 50 ಬಾರಿ ಹಿಂದುಮುಂದಾಗಿ ತೂಗಾಡುವಂತಹುದು. 49ಕ್ಕೂ 50ಕ್ಕೂ ನಡುವಣ ಅಂತರವು ಅರೆಸ್ವರದ ಮೂರನೆಯ ಒಂದು ಪಾಲು ಮಾತ್ರ. ಶ್ರುತಿಶುದ್ಧವಾದ ಕಿವಿಗೆ ಅಷ್ಟೇ ಸಾಲದೆ? ಮೊರೆತದ ನಾಲ್ಮಡಿಯಾದ 200ರ ಕಂಪನವು ಗಾಯಕಿಯ 196ರ ಷಡ್ಜದೊಡನೆ ಕೂಡಿದಾಗ, ನಾದವು ಸೆಕೆಂಡಿಗೆ ನಾಲ್ಕು ಬಾರಿ ಉಬ್ಬಿ ಕುಗ್ಗುತ್ತದೆ. ಭೌತಶಾಸ್ತ್ರವು ವಿಸ್ಪಂದವೆಂದು ಕರೆಯುವ ಈ ಅಲುಗಾಟವೇ ತಂಬೂರಿಯ ತಂತಿ ಕೂಡದಿದ್ದಾಗ ನಮ್ಮನ್ನು ಕಾಡತಕ್ಕದ್ದು. ರಿಪೇರಿ ಅಂಗಡಿಗಳಲ್ಲಿ ‘ಹಮ್ಮಿಂಗ್’ ಎಂದು ಕರೆಯಲ್ಪಡುವ ಈ ಮೊರೆತವು, ಹೀಗೆ, ನಾವು ಯಾರೂ ಕರೆಯದೆ ಬಂದು ಕುಳಿತ ತಂಬೂರಿಯೇ ಸರಿ. ಅದನ್ನು ಎಬ್ಬಿಸಿ ಕಳುಹಿಸುವುದಕ್ಕೆ ಮೊದಲು ಅದರ ಶ್ರುತಿಯನ್ನು ಕೇಳಿ ತಿಳಿಯುವುದು ಲೇಸು. ಏಕೆಂದರೆ ದೋಷವು ಎಲ್ಲಿದೆಯೆಂಬುದನ್ನು ಆ ಶ್ರುತಿಯೇ ಬಹುಪಾಲು ಹೇಳಿಬಿಡುತ್ತದೆ.

ಈ ಐವತ್ತರ ತೂಗಾಟವು ಬರುವುದೆಲ್ಲಿಂದ? ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ 1902ರಲ್ಲಿಯೂ, ಬೆಂಗಳೂರಿನ ಬೀದಿಗಳು ಮೊದಲು ಬೆಳಗಿದ 1905ರಲ್ಲಿಯೂ, ಒಂದೊಂದು ಪ್ರಾಂತದ ವಿದ್ಯುತ್ತು ತನ್ನ ಪಾಡಿಗೆ ತಾನೇ ತೂಗಾಡುತ್ತಿದ್ದಿತು. ಇಂದು ಹಾಗಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರಿಗೂ ಸೊಲ್ಲಾಪುರಕ್ಕೂ ನಡುವೆ 765 ಕಿಲೋವೋಲ್ಟಿನ ತಂತಿಮಾರ್ಗವು ಜೋಡಣೆಗೊಂಡು ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಡನೆ ಬೆಸೆದುಕೊಂಡಂದಿನಿಂದ, ಆ ಜಾಲಕ್ಕೆ ಸೇರಿದ ಯಾವತ್ತು ಜನಕಯಂತ್ರಗಳೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ತಿರುಗುತ್ತಿವೆ. 49.90ರಿಂದ 50.05ರವರೆಗಿನ ಕಿರಿದಾದ ಎಡೆಯಲ್ಲಿ ಅವುಗಳ ವೇಗವನ್ನು ಹಿಡಿದಿಡುವುದೇ ಜಾಲಪಾಲಕರ ಅಹೋರಾತ್ರಿಯ ಕಾಯಕ. ಕಾರವಾರದ ಮನೆಯೊಂದರ ಸ್ಪೀಕರಿನಲ್ಲಿ ಮೊರೆಯುವ ನಾದವೂ ಗುವಾಹಟಿಯ ಮನೆಯೊಂದರಲ್ಲಿ ಮೊರೆಯುವ ನಾದವೂ ಅದೇ ಕ್ಷಣದಲ್ಲಿ ಅದೇ ಶ್ರುತಿಯಲ್ಲಿರುವುವು. ಇಷ್ಟು ದೊಡ್ಡದಾದ ನಮ್ಮ ದೇಶವು ಹೀಗೆ ಒಂದೇ ಶ್ರುತಿಗೆ ಕೂಡಿದುದು ಹಿಂದೆಂದೂ ನಡೆದಿರಲಿಲ್ಲವೆಂಬುದನ್ನು ನೆನೆದಾಗ, ಕಿವಿಗೆ ಬೇಡವಾದ ಆ ಸದ್ದಿನ ವಿಷಯದಲ್ಲಿಯೂ ನನಗೆ ಒಂದು ಬಗೆಯ ಗೌರವವು ಹುಟ್ಟುತ್ತದೆ.

ಮೊರೆತಕ್ಕೆ ಎರಡು ಕಂಠಗಳುಂಟು: ಐವತ್ತರದೊಂದು, ನೂರರದೊಂದು. ನೂರರ ಕಂಠವನ್ನು ಮೊದಲು ನೋಡೋಣ. ಆಂಪ್ಲಿಫೈಯರಿನ ಒಳಗಣ ಟ್ರಾನ್ಸಿಸ್ಟರುಗಳಿಗೆ ತೂಗಾಡುವ ವಿದ್ಯುತ್ತು ಒಗ್ಗದು. ಅವಕ್ಕೆ ಬೇಕಾದುದು ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ತು. ಆದುದರಿಂದ ನಾಲ್ಕು ಡಯೋಡುಗಳ ಒಂದು ಸೇತುವೆಯು ಪ್ರತಿಯೊಂದು ತೂಗಾಟದ ಕೆಳಗಣ ಅರ್ಧವನ್ನು ಮೇಲಕ್ಕೆ ಮಗುಚಿಹಾಕುತ್ತದೆ. ಸೆಕೆಂಡಿಗೆ ಐವತ್ತು ಉಬ್ಬು ಐವತ್ತು ತಗ್ಗುಗಳಿದ್ದೆಡೆ ಈಗ ನೂರು ಉಬ್ಬುಗಳು. ಈ ಉಬ್ಬುಗಳನ್ನು ತುಂಬಿ ಸಮತಳ ಮಾಡುವ ಕೆಲಸ ಕಂಡೆನ್ಸರಿನದು. ಕೆರೆಯು ಮಳೆಯ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಗದ್ದೆಗೆ ಬಿಡುವಂತೆ, ಅದು ಉಬ್ಬಿನ ಕಾಲದಲ್ಲಿ ತುಂಬಿಕೊಂಡು ತಗ್ಗಿನ ಕಾಲದಲ್ಲಿ ಕೊಡುತ್ತದೆ. ಹೂಳು ತುಂಬಿದ ಕೆರೆ ಬೇಗನೆ ಬತ್ತುವಂತೆ, ವರ್ಷಗಳ ಬಿಸಿಗೆ ಒಳಗಣ ದ್ರಾವಣವು ಒಣಗಿಹೋದ ಕಂಡೆನ್ಸರು ತಗ್ಗನ್ನು ತುಂಬಲಾರದು. ಲೆಕ್ಕವು ಸುಲಭವಾದುದು: 4700 ಮೈಕ್ರೊಫ್ಯಾರಡ್ಡಿನ ಕಂಡೆನ್ಸರಿನಿಂದ ಒಂದು ಆಂಪಿಯರ್ ಪ್ರವಾಹವನ್ನು ಸೆಳೆಯುತ್ತಿದ್ದರೆ, ನೂರನೆಯ ಒಂದು ಸೆಕೆಂಡಿನ ಅವಧಿಯಲ್ಲಿ ಅದರ ಒತ್ತಡವು ಸುಮಾರು ಎರಡು ವೋಲ್ಟಿನಷ್ಟು ಇಳಿದು ಏರುತ್ತದೆ, ಅದರ ಧಾರಣಶಕ್ತಿ ಅರ್ಧಕ್ಕಿಳಿದರೆ ಈ ಏರಿಳಿತ ನಾಲ್ಕು ವೋಲ್ಟಿಗೆ ಹಿಗ್ಗುತ್ತದೆ. ಆ ಅಲೆಯೇ ನೂರರ ಮೊರೆತವಾಗಿ ಸ್ಪೀಕರನ್ನು ತಲುಪುವುದು. ಹಳೆಯ ಯಂತ್ರವೊಂದು ಧ್ವನಿಯ ಗುಂಡಿಯನ್ನು ಪೂರ್ಣವಾಗಿ ಇಳಿಸಿದಾಗಲೂ ನೂರರ ಶ್ರುತಿಯಲ್ಲಿ ಮೊರೆಯುತ್ತಿದ್ದರೆ, ಮೊದಲು ಶಂಕಿಸಬೇಕಾದುದು ಈ ಕಂಡೆನ್ಸರುಗಳನ್ನೇ. ಬಲ್ಲವರಿಂದಲೇ ಅವನ್ನು ಬದಲಾಯಿಸಿಕೊಳ್ಳತಕ್ಕದ್ದು. ಯಂತ್ರವನ್ನು ಆರಿಸಿ ಪ್ಲಗ್ಗನ್ನು ಕಿತ್ತ ಮೇಲೂ ಅವುಗಳಲ್ಲಿ ವಿದ್ಯುತ್ತು ನಿಂತಿರುತ್ತದೆ, ವಾಲ್ವ್ ಕಾಲದ ಯಂತ್ರಗಳಲ್ಲಂತೂ ಅದು ಮುನ್ನೂರು ನಾನೂರು ವೋಲ್ಟುಗಳಷ್ಟಿರಬಹುದು.

ನೂರರ ಶ್ರುತಿಯಲ್ಲಿಯೇ ಇನ್ನೊಂದು ಸದ್ದುಂಟು. ಅದು ಸ್ಪೀಕರಿನಿಂದ ಬರತಕ್ಕುದಲ್ಲ, ಯಂತ್ರದ ಪೆಟ್ಟಿಗೆಯಿಂದಲೇ ಹೊರಡತಕ್ಕುದು. ಕಾಂತತ್ವವನ್ನು ಪಡೆದ ಕಬ್ಬಿಣವು ಅತ್ಯಲ್ಪವಾಗಿ ತನ್ನ ಉದ್ದವನ್ನು ಬದಲಿಸುವುದೆಂದು 1842ರಲ್ಲಿ ಜೇಮ್ಸ್ ಜೂಲ್ ಕಂಡುಕೊಂಡನು. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಹಾಳೆಗಳು ಒಂದು ತೂಗಾಟದಲ್ಲಿ ಎರಡು ಬಾರಿ ಹೀಗೆ ಹಿಗ್ಗಿ ಕುಗ್ಗುವುದರಿಂದ ಸೆಕೆಂಡಿಗೆ ನೂರು ಸಲ ನಡುಗುವುವು. ಬೀದಿಯ ಮೂಲೆಯ ದೊಡ್ಡ ಟ್ರಾನ್ಸ್‌ಫಾರ್ಮರು ಹಗಲಿರುಳು ಗುಂಯ್ಗುಡುವುದೂ ಇದರಿಂದಲೇ. ಆಂಪ್ಲಿಫೈಯರಿಗೂ ಸ್ಪೀಕರಿಗೂ ಬೇರೆ ಬೇರೆಯಾಗಿ ಕಿವಿಗೊಟ್ಟರೆ ಈ ಸದ್ದನ್ನು ಬೇರ್ಪಡಿಸುವುದು ಕಷ್ಟವಲ್ಲ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರು ವಿದ್ಯುತ್ತಿನ ಅಲೆಯನ್ನು ನಡುವೆ ಕತ್ತರಿಸುವುದರಿಂದ ಹುಟ್ಟುವ ‘ಝರ್ರ್’ ಎಂಬ ಒರಟು ಸದ್ದು ಇವೆರಡಕ್ಕಿಂತಲೂ ಭಿನ್ನವಾದುದು. ಫ್ಯಾನನ್ನು ನಿಲ್ಲಿಸಿದರೆ ಅದೂ ನಿಲ್ಲುತ್ತದೆ.

ಉಳಿದುದು ಐವತ್ತರ ಕಂಠ. ಅದರ ಕಥೆ ಹೆಚ್ಚು ಜಟಿಲವಾದುದು, ಹೆಚ್ಚು ಸುಂದರವಾದುದೂ ಅಹುದು. ಕಿವಿಯು ಎಲ್ಲ ಆವರ್ತನಗಳಿಗೂ ಸಮಾನವಾದ ದಯೆಯನ್ನು ತೋರದು. ಸಾವಿರದ ಕಂಪನವು ಕೇಳಿಸುವುದಕ್ಕೆ ಎಷ್ಟು ಬಲ ಬೇಕೋ ಅದಕ್ಕಿಂತ ಸುಮಾರು 40 ಡೆಸಿಬೆಲ್, ಎಂದರೆ ಹತ್ತು ಸಾವಿರ ಪಾಲಿನಷ್ಟು ಹೆಚ್ಚು ಶಕ್ತಿ, ಐವತ್ತರ ಕಂಪನವು ಕೇಳಿಸುವುದಕ್ಕೆ ಬೇಕು; ಕಿವಿಯ ಈ ಪಕ್ಷಪಾತವನ್ನು ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲಿ ಅಳೆದು ರೇಖಾಚಿತ್ರಗಳಲ್ಲಿ ತೋರಿಸಿದರು. ಹಾಗಿದ್ದರೂ ಐವತ್ತರ ಮೊರೆತವು ನಮ್ಮನ್ನು ಕಾಡುವುದೇಕೆಂದರೆ, ಅದು ಒಂಟಿಯಾಗಿ ಬರುವುದಿಲ್ಲ. 100, 150, 250 ಎಂಬ ಅನುಸ್ವರಗಳ ಪರಿವಾರದೊಡನೆ ಬರುತ್ತದೆ. ಚೆನ್ನಾಗಿ ಕೂಡಿಸಿದ ತಂಬೂರಿಯಲ್ಲಿ, ಯಾವ ತಂತಿಯನ್ನೂ ಗಾಂಧಾರಕ್ಕೆ ಕೂಡಿಸಿರದಿದ್ದರೂ, ಅಂತರಗಾಂಧಾರವು ತಾನೇ ತಾನಾಗಿ ಮೂಡಿ ಸ್ವಯಂಭೂ ಎನಿಸಿಕೊಳ್ಳುವುದಷ್ಟೆ. ಷಡ್ಜದ ಐದನೆಯ ಮಡಿಯಾದ ಆ ಅನುಸ್ವರವೇ ಇಲ್ಲಿ 250ರ ಕಂಪನವಾಗಿ ನಿಲ್ಲುತ್ತದೆ. ಐವತ್ತನ್ನು ನುಡಿಸಲಾರದ ಸಣ್ಣ ಸ್ಪೀಕರಿನಲ್ಲಿಯೂ ಈ ಪರಿವಾರವನ್ನು ಕೇಳಿದ ಕಿವಿ, ಇಲ್ಲದ ಯಜಮಾನನನ್ನು ತಾನೇ ಕಲ್ಪಿಸಿಕೊಂಡು ಐವತ್ತರ ಶ್ರುತಿಯನ್ನೇ ಗ್ರಹಿಸುತ್ತದೆ.

ನನ್ನ ಯಂತ್ರದ ಪರೀಕ್ಷೆಗೆ ಮರುದಿನ ಬೆಳಿಗ್ಗೆ ತೊಡಗಿದೆನು. ಇಂತಹ ಸಂದರ್ಭದಲ್ಲಿ ಊಹೆಗಿಂತ ಕ್ರಮವು ದೊಡ್ಡದು. ಧ್ವನಿಯ ಗುಂಡಿಯನ್ನು ತಿರುಗಿಸಿದೆನು; ಮೊರೆತವು ಅದರೊಡನೆ ಏರಿಳಿಯಿತು. ಎಂದರೆ ದೋಷವು ಆ ಗುಂಡಿಗಿಂತ ಮುಂಚಿನ ಘಟ್ಟದಲ್ಲಿ ಒಳಹೊಗುತ್ತಿದೆ, ಕಂಡೆನ್ಸರುಗಳು ನಿರಪರಾಧಿಗಳು. ಬಳಿಕ ಹಿಂಬದಿಗೆ ಚುಚ್ಚಿದ್ದ ಎಲ್ಲ ತಂತಿಗಳನ್ನೂ ಕಿತ್ತೆನು. ಸ್ಪೀಕರುಗಳು ಶ್ರಾವಣದ ಬೆಳಗಿನಂತೆ ಶಾಂತವಾದುವು. ಆಂಪ್ಲಿಫೈಯರೂ ನಿರ್ದೋಷಿಯೆಂದಾಯಿತು. ಇನ್ನು ಒಂದೊಂದೇ ತಂತಿಯನ್ನು ಮರಳಿ ಚುಚ್ಚುತ್ತ, ಪ್ರತಿಸಾರಿಯೂ ಕಿವಿಗೊಡುತ್ತ ಹೋಗುವುದಷ್ಟೇ ಕೆಲಸ. ಪ್ರತಿಸಲ ಚುಚ್ಚುವ ಮುನ್ನ ಯಂತ್ರವನ್ನು ಆರಿಸುವುದನ್ನು ಮರೆಯಬಾರದು. ಮರೆತರೆ ಸ್ಪೀಕರಿನ ಸುರುಳಿ ಸುಟ್ಟುಹೋಗಬಹುದು.

ಮೊದಲು ತಟ್ಟೆಯಂತ್ರ. ಮುಳ್ಳಿನ ಹಿಂದಿರುವ ಪುಟ್ಟ ಕಾಂತಸುರುಳಿಯು ಹುಟ್ಟಿಸುವ ಸಂಕೇತವು ಬಲು ಕ್ಷೀಣವಾದುದು, ಸುಮಾರು 5 ಮಿಲಿವೋಲ್ಟ್. ರೇಡಿಯೊ ಅಥವಾ ಸಿಡಿ ಯಂತ್ರಗಳು ಕೊಡುವುದರಲ್ಲಿ ಅರುವತ್ತನೆಯ ಒಂದು ಪಾಲೂ ಅಲ್ಲ. ಇದಲ್ಲದೆ, ತಟ್ಟೆಯ ಗೀರುಗಳು ಅತಿ ಅಗಲವಾಗದಿರಲೆಂದು ಮುದ್ರಿಸುವಾಗ ಕೆಳಸ್ವರಗಳನ್ನು ಕುಗ್ಗಿಸಿ, ನುಡಿಸುವಾಗ ಮರಳಿ ಹಿಗ್ಗಿಸುವ ಪದ್ಧತಿಯೊಂದು 1954ರಿಂದ ಎಲ್ಲೆಡೆಯೂ ರೂಢಿಗೆ ಬಂದಿದೆ. ಅದರ ಪ್ರಕಾರ ಆಂಪ್ಲಿಫೈಯರು ಐವತ್ತರ ಕಂಪನವನ್ನು ಸಾವಿರದ ಕಂಪನಕ್ಕಿಂತ ಏಳು ಪಾಲು ಹೆಚ್ಚಾಗಿ ವರ್ಧಿಸುತ್ತದೆ. ಸಂಗೀತದ ಮಂದ್ರಸ್ವರಗಳಿಗೆಂದು ತೆರೆದ ಈ ಬಾಗಿಲಿನಿಂದ ಮೊರೆತವೂ ನುಗ್ಗುವುದರಲ್ಲಿ ಆಶ್ಚರ್ಯವೇನು? ತಟ್ಟೆಯಂತ್ರದಿಂದ ಎರಡು ಸಂಕೇತದ ತಂತಿಗಳಲ್ಲದೆ ಮೂರನೆಯದೊಂದು ತೆಳ್ಳನೆಯ ತಂತಿ ಹೊರಡುವುದು ಇದನ್ನು ತಡೆಯುವುದಕ್ಕಾಗಿಯೆ. ಅದು ಮುಳ್ಳಿನ ತೋಳಿನ ಲೋಹವನ್ನು ಆಂಪ್ಲಿಫೈಯರಿನ ಲೋಹಕ್ಕೆ ಬಂಧಿಸುತ್ತದೆ. ನಮ್ಮಲ್ಲಿ ಆ ತಂತಿಯು ತಿರುಪಿನಿಂದ ಜಾರಿ ಧೂಳಿನಲ್ಲಿ ಬಿದ್ದಿದ್ದಿತು. ಬಿಗಿದು ಕೂರಿಸಿದೊಡನೆ ಮೊರೆತವು ಬಹುಪಾಲು ತಗ್ಗಿತು. ತಟ್ಟೆಯಂತ್ರವನ್ನು ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿನಿಂದ ಎರಡಡಿ ದೂರ ಸರಿಸಿದಾಗ ಇನ್ನಷ್ಟು ತಗ್ಗಿತು. ಟ್ರಾನ್ಸ್‌ಫಾರ್ಮರಿನಿಂದ ಹೊರಚೆಲ್ಲುವ ಕಾಂತಕ್ಷೇತ್ರವು, ದೂರವು ಇಮ್ಮಡಿಯಾದರೆ ಎಂಟನೆಯ ಒಂದು ಪಾಲಿನಷ್ಟಕ್ಕೆ ಇಳಿಯುವಂತಹುದು.

ಆದರೂ ಒಂದು ಎಳೆ ಉಳಿದಿತ್ತು. ಅದು ಟೆಲಿವಿಷನ್ನಿನ ತಂತಿಯನ್ನು ಚುಚ್ಚಿದಾಗ ಬರುವುದು, ಕಿತ್ತಾಗ ಹೋಗುವುದು. ಟೆಲಿವಿಷನ್ನಿನ ಧ್ವನಿಯನ್ನು ಆಂಪ್ಲಿಫೈಯರಿಗೆ ಕೊಟ್ಟು ತಿಂಗಳೊಂದಾಗಿದ್ದಿತು. ಟೆಲಿವಿಷನ್ನನ್ನು ಆರಿಸಿದರೂ ಮೊರೆತವು ನಿಲ್ಲಲಿಲ್ಲ. ಅದರ ಹಿಂಬದಿಯಿಂದ ಕೇಬಲ್ಲಿನ ದಪ್ಪ ಕರಿಯ ತಂತಿಯನ್ನು ಬಿಚ್ಚಿದ ಕೂಡಲೆ ನಿಂತುಹೋಯಿತು. ಆರಿಸಿದ ಯಂತ್ರವೊಂದು ಮೊರೆತವನ್ನು ತರುವುದೆಂತು?

ಇದಕ್ಕೆ ಉತ್ತರವು ನಾವು ‘ಅರ್ಥಿಂಗ್’ ಎಂದು ಕರೆಯುವ ಭೂಸಂಪರ್ಕದಲ್ಲಿದೆ. ಭೂಮಿಯೆಂದರೆ ಎಲ್ಲೆಡೆಯೂ ಸೊನ್ನೆ ವೋಲ್ಟೆಂದು ನಾವು ಭಾವಿಸುತ್ತೇವೆ. ಎರಡು ಬಾವಿಗಳ ನೀರಿನ ಮಟ್ಟವು ಒಂದೇ ಆಗಿರಬೇಕೆಂದು ಭಾವಿಸಿದಂತೆಯೆ ಇದು. ನಮ್ಮ ಹಿತ್ತಿಲಿನಲ್ಲಿ ಇದ್ದಿಲು ಉಪ್ಪು ತುಂಬಿ ಹೂಳಿದ ಭೂಸಂಪರ್ಕದ ಕೊಳವೆಯೊಂದು. ಬೀದಿಯಾಚೆ, ಕೇಬಲ್ಲಿನವರ ವರ್ಧಕಪೆಟ್ಟಿಗೆಯನ್ನು ಬಂಧಿಸಿದ ನೆಲವಿನ್ನೊಂದು. ಇವೆರಡಕ್ಕೂ ನಡುವೆ ಅಲ್ಪಸ್ವಲ್ಪ ಒತ್ತಡದ ಭೇದವು ಇದ್ದೇ ಇರುತ್ತದೆ. ಆಂಪ್ಲಿಫೈಯರಿನ ಮೂರನೆಯ ಕಡ್ಡಿಯ ಮೂಲಕ ಒಂದು ನೆಲ, ಕೇಬಲ್ಲಿನ ಹೊರಕವಚದ ಮೂಲಕ ಇನ್ನೊಂದು ನೆಲ. ನಾನು ಟೆಲಿವಿಷನ್ನಿನಿಂದ ಆಂಪ್ಲಿಫೈಯರಿಗೆ ಎಳೆದ ತಂತಿಯು ಇವೆರಡನ್ನೂ ಬೆಸೆದು, ನೂರಾರು ಅಡಿ ಸುತ್ತಳತೆಯ ಒಂದು ವರ್ತುಲವನ್ನು ಪೂರ್ಣಗೊಳಿಸಿದ್ದಿತು. ಬದಲಾಗುವ ಕಾಂತಕ್ಷೇತ್ರವು ತಾನು ಹಾಯ್ದುಹೋಗುವ ವರ್ತುಲದಲ್ಲಿ ವಿದ್ಯುತ್ತನ್ನು ಪ್ರೇರಿಸುವುದೆಂದು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟನಷ್ಟೆ. ಮನೆಯ ಗೋಡೆಗಳೊಳಗೂ ಬೀದಿಯ ಕಂಬಗಳ ಮೇಲೂ ತೂಗಾಡುವ ವಿದ್ಯುತ್ತಿನ ಕಾಂತಕ್ಷೇತ್ರವು ಇಷ್ಟು ದೊಡ್ಡ ವರ್ತುಲವನ್ನು ಬರಿದಾಗಿ ಬಿಟ್ಟೀತೆ? ವರ್ತುಲದ ತಡೆ ಅತ್ಯಲ್ಪವಾದುದರಿಂದ ಅಲ್ಪ ಒತ್ತಡವೂ ಗಣನೀಯವಾದ ಪ್ರವಾಹವನ್ನು ಹರಿಸುತ್ತದೆ. ಸಂಕೇತದ ತಂತಿಯ ಹೆಣೆದ ಕವಚವು ಇಪ್ಪತ್ತನೆಯ ಒಂದು ಓಮ್ ತಡೆಯುಳ್ಳದ್ದೆಂದೂ, ಅದರಲ್ಲಿ ಹತ್ತನೆಯ ಒಂದು ಆಂಪಿಯರ್ ಹರಿಯುತ್ತಿರುವುದೆಂದೂ ಭಾವಿಸಿದರೆ, ಆ ಕವಚದ ಎರಡು ತುದಿಗಳ ನಡುವೆ 5 ಮಿಲಿವೋಲ್ಟ್ ಬೀಳುತ್ತದೆ. ಸಂಗೀತದ ಸಂಕೇತವು ಮರಳಿ ಹೋಗುವ ದಾರಿಯೂ ಅದೇ ಕವಚವಾದುದರಿಂದ, ಆಂಪ್ಲಿಫೈಯರು ಇದನ್ನೂ ಸಂಗೀತವೆಂದೇ ಎಣಿಸಿ, ಅಷ್ಟೇ ನಿಷ್ಠೆಯಿಂದ ಹಿಗ್ಗಿಸಿ ಕೊಡುತ್ತದೆ. ಇಲ್ಲಿ ಯಾವ ಯಂತ್ರವೂ ಕೆಟ್ಟಿಲ್ಲ. ಒಂದೊಂದನ್ನೂ ಬಿಡಿಯಾಗಿ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಇರುತ್ತವೆ. ದೋಷವಿರುವುದು ಅವುಗಳ ನಡುವಣ ಸಂಬಂಧದಲ್ಲಿ, ಆದುದರಿಂದಲೇ ಅದನ್ನು ಹುಡುಕುವವರು ಬೇಸತ್ತುಹೋಗುವುದು.

ಪರಿಹಾರಗಳು ಹಲವು. ಎಲ್ಲ ಯಂತ್ರಗಳ ಪ್ಲಗ್ಗುಗಳನ್ನೂ ಒಂದೇ ಪಟ್ಟಿಗೆ ಚುಚ್ಚಿ, ಸಂಕೇತದ ತಂತಿಗಳನ್ನು ಗಿಡ್ಡವಾಗಿಸಿ, ಅವನ್ನು ಒಂದರ ಪಕ್ಕದಲ್ಲೊಂದು ಒಟ್ಟಾಗಿ ಹಾಯಿಸಿದರೆ ವರ್ತುಲದ ಹರಹು ಕುಗ್ಗಿ, ಹಲವು ಮನೆಗಳಲ್ಲಿ ಅಷ್ಟಕ್ಕೇ ಮೊರೆತವು ಅಡಗುತ್ತದೆ. ಸಂಕೇತದ ದಾರಿಯಲ್ಲಿ ಪುಟ್ಟದೊಂದು ಪ್ರತ್ಯೇಕಕ ಟ್ರಾನ್ಸ್‌ಫಾರ್ಮರನ್ನು ಇರಿಸಿದರೆ, ಸಂಗೀತವು ಕಾಂತಕ್ಷೇತ್ರವಾಗಿ ಆಚೆ ದಾಟುತ್ತದೆ, ನೆಲಗಳು ಬೇರೆಯಾಗಿಯೇ ಉಳಿಯುತ್ತವೆ. ಕೇಬಲ್ಲಿನ ತಂತಿಗೂ ಇಂತಹುದೇ ಒಂದು ಪ್ರತ್ಯೇಕಕ ದೊರೆಯುತ್ತದೆ. ಧ್ವನಿಮುದ್ರಣ ಶಾಲೆಗಳಲ್ಲಿ ಸಂಕೇತವನ್ನು ಎರಡು ತಂತಿಗಳಲ್ಲಿ ಪರಸ್ಪರ ವಿರುದ್ಧವಾಗಿ ಕಳುಹಿಸಿ, ಕೊನೆಯಲ್ಲಿ ಅವುಗಳ ವ್ಯತ್ಯಾಸವನ್ನು ಮಾತ್ರ ಎತ್ತಿಕೊಳ್ಳುವುದುಂಟು. ದಾರಿಯಲ್ಲಿ ಎರಡಕ್ಕೂ ಸಮನಾಗಿ ಅಂಟಿದ ಮೊರೆತವು ಕಳೆಯುವ ಲೆಕ್ಕದಲ್ಲಿ ಸೊನ್ನೆಯಾಗುತ್ತದೆ. ಇಂತಹ ಜೋಡಿತಂತಿಗಳನ್ನು ಹುರಿಗೊಳಿಸಿದರೆ ಫಲ ಹೆಚ್ಚೆಂಬುದನ್ನು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು 1881ರಷ್ಟು ಹಿಂದೆಯೇ ಕಂಡು ಹಕ್ಕುಪತ್ರ ಪಡೆದಿದ್ದನು. ನಾನು ಆರಿಸಿಕೊಂಡುದು ಬೆಳಕಿನ ದಾರಿಯನ್ನು: ಟೆಲಿವಿಷನ್ನಿನ ಧ್ವನಿಯನ್ನು ಒಂದು ಆಪ್ಟಿಕಲ್ ತಂತಿಯ ಮೂಲಕ ಕೆಂಪು ಬೆಳಕಿನ ಮಿಡಿತಗಳಾಗಿ ತಂದು, ಆಂಪ್ಲಿಫೈಯರಿನ ಪಕ್ಕದಲ್ಲಿ ಅಂಗೈಯಗಲದ ಪೆಟ್ಟಿಗೆಯೊಂದರಲ್ಲಿ ಮರಳಿ ವಿದ್ಯುತ್ತಾಗಿಸಿದೆನು. ಬೆಳಕಿಗೆ ನೆಲದ ಹಂಗಿಲ್ಲ. ಆ ರಾತ್ರಿ ಅದೇ ತಟ್ಟೆಯನ್ನು ಮತ್ತೆ ಹಾಕಿದಾಗ, ಆಲಾಪನೆಯ ಎಡೆಯಲ್ಲಿ ಗಾಯಕಿಯು ಉಸಿರೆಳೆದುಕೊಂಡುದು, ಹಿಂದೆ ಕುಳಿತ ನಿಜವಾದ ತಂಬೂರಿಯ ತಂತಿ ಮೀಟಿದುದು, ಎರಡೂ ಸ್ಪಷ್ಟವಾಗಿ ಕೇಳಿಸಿದುವು.

ಇಷ್ಟನ್ನು ಹೇಳಿ ಇನ್ನೊಂದನ್ನು ಹೇಳದಿದ್ದರೆ ಈ ಅಧ್ಯಾಯವನ್ನು ಬರೆದುದೇ ತಪ್ಪಾದೀತು. ಪರೀಕ್ಷೆಗೆ ತೊಡಗುವ ಮೊದಲು ನಾನು ಮೆಕ್ಯಾನಿಕ್ ಒಬ್ಬರನ್ನು ಕರೆಸಿದ್ದೆನು. ಅವರು ಮೊರೆತವನ್ನು ಕೇಳಿದೊಡನೆಯೆ ಇಕ್ಕಳವನ್ನು ತೆಗೆದು, “ಅರ್ಥ್ ಪಿನ್ ಕತ್ತರಿಸಿಬಿಟ್ಟರೆ ಹಮ್ಮಿಂಗ್ ಹೋಗುತ್ತೆ ಸಾರ್” ಎಂದರು. ಅವರ ಮಾತು ಸುಳ್ಳಲ್ಲ. ಆ ಕಡ್ಡಿಯನ್ನು ಕತ್ತರಿಸಿದರೆ ವರ್ತುಲವು ಕಡಿಯುತ್ತದೆ, ಮೊರೆತವು ನಿಲ್ಲುತ್ತದೆ. ಆದರೆ ಆ ಕಡ್ಡಿಯನ್ನು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಮಾಡಿರುವುದು, ಪ್ಲಗ್ಗನ್ನು ಚುಚ್ಚುವಾಗ ವಿದ್ಯುತ್ತಿಗಿಂತ ಮೊದಲು ಭೂಸಂಪರ್ಕವು ಕೂಡಲೆಂದು, ಕೀಳುವಾಗ ಎಲ್ಲಕ್ಕಿಂತ ಕಡೆಯಲ್ಲಿ ಬಿಡಲೆಂದು. ಒಳಗೆ ತಂತಿಯೊಂದು ಸಡಿಲಗೊಂಡು ಲೋಹದ ಪೆಟ್ಟಿಗೆಯನ್ನು ಮುಟ್ಟಿತೆಂದರೆ, ಭೂಸಂಪರ್ಕವಿದ್ದಲ್ಲಿ ದೊಡ್ಡ ಪ್ರವಾಹವು ನೆಲಕ್ಕೆ ಹರಿದು ಫ್ಯೂಸು ಸುಟ್ಟುಹೋಗುತ್ತದೆ. ಇಲ್ಲದಿದ್ದಲ್ಲಿ ಆ ಪೆಟ್ಟಿಗೆಯು 230 ವೋಲ್ಟುಗಳನ್ನು ಹೊತ್ತು, ಸಂಕೇತದ ತಂತಿಗಳ ಕವಚದ ಮೂಲಕ ಪಕ್ಕದ ಯಂತ್ರಗಳಿಗೂ ಅದನ್ನು ಹಂಚಿ, ಯಾರಾದರೂ ಕೈಯಿಡುವುದನ್ನು ಕಾಯುತ್ತ ಕುಳಿತಿರುತ್ತದೆ. ಮನೆಗಳಲ್ಲಿ ಕೂರಿಸುವ ರಕ್ಷಕ ಸ್ವಿಚ್ಚುಗಳು 30 ಮಿಲಿಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿಯುವಂತೆ ರಚಿತವಾಗಿವೆ. ಎದೆಯನ್ನು ಹಾದು ಹೋಗುವ ಪ್ರವಾಹವು ಅದಕ್ಕಿಂತ ಹೆಚ್ಚಾದರೆ ಪ್ರಾಣಕ್ಕೆ ಅಪಾಯವೆಂಬುದೇ ಅದಕ್ಕೆ ಕಾರಣ. ಮೊರೆತವನ್ನು ಹೋಗಲಾಡಿಸಲು ಸಂಕೇತದ ದಾರಿಯಲ್ಲಿ ಏನನ್ನು ಬೇಕಾದರೂ ಮಾಡಬಹುದು. ಭೂಸಂಪರ್ಕದ ದಾರಿಯನ್ನು ಮಾತ್ರ ಮುಟ್ಟಕೂಡದು. ನಾನು ಆ ಮೆಕ್ಯಾನಿಕರಿಗೆ ವಂದಿಸಿ ಇಕ್ಕಳವನ್ನು ಒಳಗಿಡಿಸಿದೆನು.

ಓದುಗರಲ್ಲಿ ನನ್ನದೊಂದು ಪ್ರಾರ್ಥನೆ. ಈ ಪುಸ್ತಕವನ್ನು ಕೆಳಗಿಟ್ಟು ಒಮ್ಮೆ ಎದ್ದು ಹೋಗಿ, ನಿಮ್ಮ ಮನೆಯ ಆಂಪ್ಲಿಫೈಯರು, ಕಂಪ್ಯೂಟರು, ಹಳೆಯ ರೇಡಿಯೊಗಳ ಪ್ಲಗ್ಗುಗಳನ್ನು ಕಿತ್ತು ತಿರುಗಿಸಿ ನೋಡಿರಿ. ಮೂರು ಕಡ್ಡಿಗಳಿರಬೇಕಾದೆಡೆ ಎರಡೇ ಇದ್ದು, ಮೂರನೆಯದರ ಜಾಗದಲ್ಲಿ ಇಕ್ಕಳದ ಗುರುತು ಮಾತ್ರ ಕಾಣಿಸಿತೆಂದರೆ, ಯಾರೋ ಹಿಂದೊಮ್ಮೆ ಮೊರೆತವನ್ನು ನಿಲ್ಲಿಸಲು ಸುಲಭದ ದಾರಿಯನ್ನು ಹಿಡಿದಿದ್ದಾರೆಂದು ತಿಳಿಯಿರಿ. ಆ ಪ್ಲಗ್ಗನ್ನು ಈ ದಿನವೇ ಬದಲಾಯಿಸಿರಿ.